ನಾಗರಿಕ ಪಾಠಕ್ಕೆ ಇನ್ನೊಂದು ಪುಸ್ತಕ ಬೇಡ, ಇರುವ ಪಾಠಗಳಲ್ಲೇ ಜಾಗ ಕೊಡಿ

ಮಾನ್ಯ ಸಂಪಾದಕರೇ,

ಹೈಸ್ಕೂಲ್ ಮಕ್ಕಳಿಗೆ ಸಂವಿಧಾನ, ನಾಗರಿಕ ಹೊಣೆಗಾರಿಕೆ ಇವನ್ನೆಲ್ಲ ಇನ್ನೂ ಜಾಸ್ತಿ ಕಲಿಸಬೇಕು ಅನ್ನುವ ಮಾತು ಆಗಾಗ ಬರುತ್ತಲೇ ಇರುತ್ತದೆ. ಅದರ ಬೆನ್ನಿಗೇ ಹೊಸ ಪುಸ್ತಕ, ಹೊಸ ಪೀರಿಯಡ್ಡು, ಹೊಸ ದಿನಾಚರಣೆಯ ಮಾತೂ ಬರುತ್ತದೆ. ನಾನು ತುಮಕೂರು ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುವವಳು. ನನ್ನದು ಒಂದೇ ಕೋರಿಕೆ. ಹೊಸ ಪುಸ್ತಕ ಮಾಡಬೇಡಿ. ಕನ್ನಡ, ಗಣಿತ, ವಿಜ್ಞಾನ, ಸಮಾಜ ಅಂತ ಈಗಿರುವ ಪಾಠಗಳಲ್ಲೇ ವರ್ಷಕ್ಕೆ ಒಂದಾದರೂ ಊರಿನ ನಿಜವಾದ ಕೆಲಸವನ್ನು ಮಕ್ಕಳ ಕೈಯಲ್ಲಿ ಮಾಡಿಸಿ, ಈಗಿರುವ ಅಂಕಗಳಲ್ಲೇ ಅದಕ್ಕೂ ಅಂಕ ಕೊಡಿ.

ಈಗ ಏನೂ ಇಲ್ಲ ಅಂತಲ್ಲ. ಸಮಾಜ ವಿಜ್ಞಾನದ ಪುಸ್ತಕದಲ್ಲಿ ಇತಿಹಾಸ, ಭೂಗೋಳದ ಜೊತೆಗೆ ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ ಎಲ್ಲವೂ ಇವೆ. ಚೆನ್ನಾಗಿ ಓದುವ ಹತ್ತನೇ ಕ್ಲಾಸಿನ ಹುಡುಗನನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಮೂಲಭೂತ ಕರ್ತವ್ಯಗಳು 1976ರ 42ನೇ ತಿದ್ದುಪಡಿಯಲ್ಲಿ ಬಂದವು, ಹನ್ನೊಂದನೆಯದು 2002ರ 86ನೇ ತಿದ್ದುಪಡಿಯಲ್ಲಿ ಸೇರಿತು ಅಂತ ಹೇಳಿಬಿಡುತ್ತಾನೆ. 2023ರಿಂದ ಶಾಲೆಗಳಲ್ಲಿ ಸಂವಿಧಾನದ ಪೀಠಿಕೆ ಓದಿಸುತ್ತಿದ್ದೇವೆ. 2024ರ ಸೆಪ್ಟೆಂಬರ್ 15ರಂದು ಬೀದರ್‌ನಿಂದ ಚಾಮರಾಜನಗರದವರೆಗೆ ಮಾನವ ಸರಪಳಿ ಮಾಡಿದಾಗ ಸಾವಿರಾರು ಮಕ್ಕಳು ರಸ್ತೆ ಪಕ್ಕ ಕೈ ಹಿಡಿದು ನಿಂತರು. ಪೀಠಿಕೆ ಓದಿಸುವುದನ್ನು ನಾನು ಪೂರ್ಣ ಮನಸ್ಸಿನಿಂದ ಒಪ್ಪುತ್ತೇನೆ. 'ಭಾರತದ ಜನತೆಯಾದ ನಾವು' ಅಂತ ಒಂದು ಹೆಣ್ಣುಮಗು ಗಟ್ಟಿಯಾಗಿ ಹೇಳುವುದನ್ನು ಕೇಳಿದರೆ ಈಗಲೂ ನನಗೆ ಮೈ ಜುಮ್ಮೆನ್ನುತ್ತದೆ.

ಆದರೆ ಅದೇ ಮಗುವಿನ ಮನೆಯಲ್ಲಿ ರೇಷನ್ ಕಾರ್ಡಿಗೆ ಹೆಸರು ಸೇರಿಸುವ ಕೆಲಸ ನಿಂತುಹೋದರೆ ಯಾರನ್ನು ಕೇಳಬೇಕು, ಎಷ್ಟು ದಿನದಲ್ಲಿ ಆಗಬೇಕು, ಆಗದಿದ್ದರೆ ಮುಂದೇನು ಅನ್ನುವುದು ಅವಳಿಗೆ ಗೊತ್ತಿಲ್ಲ. ಅವಳ ಅಪ್ಪನಿಗೂ ಗೊತ್ತಿಲ್ಲ. ಅವರು ತಾಲೂಕು ಕಚೇರಿ ಮುಂದೆ ಕೂರುವ ಬ್ರೋಕರ್ ಹತ್ತಿರ ಹೋಗುತ್ತಾರೆ. ನಮ್ಮ ರಾಜ್ಯದಲ್ಲಿ 2012ರ ಏಪ್ರಿಲ್‌ನಿಂದ, ಸರ್ಕಾರಿ ಸೇವೆಗಳನ್ನು ಗೊತ್ತುಮಾಡಿದ ದಿನದೊಳಗೆ ಕೊಡಬೇಕು ಅನ್ನುವ ಸಕಾಲ ಜಾರಿಯಲ್ಲಿದೆ. ಅರ್ಜಿ ಕೊಟ್ಟರೆ ಸ್ವೀಕೃತಿಯಲ್ಲಿ ಒಂದು ಸಂಖ್ಯೆ ಬರಬೇಕು, ಹೇಳಿದ ದಿನದೊಳಗೆ ಕೆಲಸ ಆಗದಿದ್ದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ಕೇಳಬಹುದು. ಹೈಸ್ಕೂಲ್ ಮುಗಿಸಿದ ಎಷ್ಟು ಮಕ್ಕಳಿಗೆ ಇದು ಗೊತ್ತಿದೆ ಹೇಳಿ? ಪುಸ್ತಕದಲ್ಲಿ ಒಂದು ಸಾಲು ಸೇರಿಸಿದರೆ ಅದೂ ಬಿಟ್ಟ ಸ್ಥಳ ತುಂಬುವ ಪ್ರಶ್ನೆಯಾಗಿ ಹೋಗುತ್ತದೆ, ಅಷ್ಟೇ.

2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಈ ವಿಷಯದಲ್ಲಿ ಬಹಳ ನೇರವಾಗಿ ಮಾತಾಡಿತ್ತು. ಬ್ರಿಟಿಷರ ಮೇಲೆ ಜನರ ಅಸಮಾಧಾನ ಬೆಳೆಯುತ್ತಿದ್ದ ಕಾಲದಲ್ಲಿ, ಹೇಳಿದ ಹಾಗೆ ಕೇಳುವ ಪ್ರಜೆಗಳನ್ನು ತಯಾರು ಮಾಡಲು ಶಾಲೆಗೆ ಬಂದ ವಿಷಯ ಸಿವಿಕ್ಸು ಅಂತ ನೆನಪಿಸಿ, ಅದರ ಬದಲು ರಾಜ್ಯಶಾಸ್ತ್ರ ಕಲಿಸಿ ಅಂದಿತು. ಹೆಸರು ಬದಲಾಯಿತು. ಕಲಿಸುವ ರೀತಿ ಬಹಳ ಕಡೆ ಹಾಗೇ ಉಳಿಯಿತು. ರಾಷ್ಟ್ರಪತಿಯ ಅಧಿಕಾರ ಬರೆಯಿರಿ, ಗ್ರಾಮ ಪಂಚಾಯಿತಿಯ ಕಾರ್ಯಗಳನ್ನು ಪಟ್ಟಿ ಮಾಡಿ. ಪಂಚಾಯಿತಿ ಕಚೇರಿ ಶಾಲೆಯ ಎದುರಿಗೇ ಇದ್ದರೂ ಮಕ್ಕಳು ಒಳಗೆ ಕಾಲಿಟ್ಟಿರುವುದಿಲ್ಲ.

ಈಗ ನನ್ನ ವಿಷಯಕ್ಕೇ ಬರುತ್ತೇನೆ. ಕನ್ನಡದಲ್ಲಿ ಪತ್ರಲೇಖನ ಅಂತ ಒಂದು ಪ್ರಶ್ನೆ ಬರುವುದು ಎಲ್ಲರಿಗೂ ಗೊತ್ತು. 'ನೀವು ಇಂಥ ಊರಿನ ನಿವಾಸಿ ಎಂದು ಭಾವಿಸಿಕೊಂಡು, ನಿಮ್ಮ ಬಡಾವಣೆಯ ಚರಂಡಿ ದುರಸ್ತಿ ಮಾಡಿಸಿಕೊಡುವಂತೆ ಗ್ರಾಮ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳಿಗೆ (ಪಿಡಿಒ) ಪತ್ರ ಬರೆಯಿರಿ.' ಚರಂಡಿ ಇಲ್ಲದಿದ್ದರೆ ಬೀದಿದೀಪ, ಬೀದಿದೀಪ ಇಲ್ಲದಿದ್ದರೆ ಬಸ್ಸು, ಅದೂ ಇಲ್ಲದಿದ್ದರೆ ಗ್ರಂಥಾಲಯ. ಮಕ್ಕಳು ಇದನ್ನು ಎಂಟನೇ ಕ್ಲಾಸಿನಿಂದ ಬರೆಯುತ್ತಲೇ ಇರುತ್ತಾರೆ. ಇವರಿಂದ, ಇವರಿಗೆ, ಮಾನ್ಯರೇ, ವಿಷಯ, ವಂದನೆಗಳೊಂದಿಗೆ, ಇಂತಿ ತಮ್ಮ ವಿಶ್ವಾಸಿ. ವಿಳಾಸ ಎಡಕ್ಕೋ ಬಲಕ್ಕೋ, ದಿನಾಂಕ ಎಲ್ಲಿ, ಅಲ್ಪವಿರಾಮ ಎಲ್ಲಿ ಅಂತ ನಾವು ಅರ್ಧರ್ಧ ಅಂಕ ಎಣಿಸುತ್ತೇವೆ. ರಾಜ್ಯದಲ್ಲಿ ಪ್ರತಿ ವರ್ಷ ಲಕ್ಷಾಂತರ ಮಕ್ಕಳು ಲಕ್ಷಾಂತರ ಚರಂಡಿಗಳ ಬಗ್ಗೆ ಪತ್ರ ಬರೆಯುತ್ತಾರೆ. ಒಂದೂ ಪೋಸ್ಟ್ ಆಗುವುದಿಲ್ಲ.

ಭಾವಿಸಿಕೊಳ್ಳುವುದು ಯಾಕೆ? ಆ ಮಕ್ಕಳು ಈಗಾಗಲೇ ಒಂದು ಊರಿನ ನಿವಾಸಿಗಳು. ಆ ಊರಿನಲ್ಲಿ ನಿಜವಾದ ಚರಂಡಿ ಇದೆ. ಬಹಳ ಸಲ ಅದು ಶಾಲೆಯ ಗೇಟಿನ ಮುಂದೆಯೇ ತುಂಬಿಕೊಂಡಿರುತ್ತದೆ.

ನಮ್ಮ ಒಂಬತ್ತನೇ ಕ್ಲಾಸಿನವರ ಜೊತೆ ಒಂದು ವರ್ಷ ನಿಜವಾದ ಪತ್ರವನ್ನೇ ಬರೆಸಿದೆ. ನಮ್ಮಲ್ಲಿಗೆ ಸುತ್ತಲಿನ ಹಳ್ಳಿಗಳಿಂದ ಮಕ್ಕಳು ಬರುತ್ತಾರೆ. ಸಂಜೆ ಬಸ್ಸು ಶಾಲೆ ಬಿಡುವ ಸ್ವಲ್ಪ ಮುಂಚೆಯೇ ಹೋಗಿಬಿಡುತ್ತಿತ್ತು. ಮುಂದಿನದು ಕತ್ತಲಾಗುವ ಹೊತ್ತಿಗೆ. ಹೆಣ್ಣುಮಕ್ಕಳು ಅಂಗಡಿ ಮುಂದೆ ನಿಂತು ಕಾಯಬೇಕಿತ್ತು, ಇಲ್ಲವೇ ಕೊನೆಯ ಪೀರಿಯಡ್ಡು ಬಿಟ್ಟು ಓಡಬೇಕಿತ್ತು. ಸರಿ, ಇದರ ಬಗ್ಗೆ ಬರೆಯೋಣ ಅಂದೆ. ನಮೂನೆ ಎಲ್ಲರಿಗೂ ಬಾಯಿಪಾಠ, ಹತ್ತು ನಿಮಿಷದ ಕೆಲಸ ಅಂತ ಮಕ್ಕಳು ಅಂದುಕೊಂಡಿದ್ದರು. ಎರಡನೇ ಸಾಲಿನಲ್ಲೇ ನಿಂತುಬಿಟ್ಟರು. "ಮಿಸ್, ಇವರಿಗೆ ಅಂತ ಯಾರಿಗೆ ಬರೀಬೇಕು?"

ಆ ಒಂದು ಪ್ರಶ್ನೆಗೆ ಇಡೀ ಪೀರಿಯಡ್ಡು ಹೋಯಿತು. ಪಿಡಿಒಗೆ ಅಂದ ಒಬ್ಬ. ಬಸ್ಸು ಪಂಚಾಯಿತಿದಲ್ಲ ಅಂತ ಇನ್ನೊಬ್ಬಳು ಜಗಳಕ್ಕೆ ಬಂದಳು. ಎಂಎಲ್‌ಎಗೆ ಬರೆದರೆ ಬೇಗ ಆಗುತ್ತೆ ಅಂತ ಹಿಂದಿನ ಬೆಂಚಿನಿಂದ ಬಂತು. ಬಿಇಒ ಸಾಹೇಬರಿಗೆ, ಹೆಡ್‌ಮಾಸ್ಟರಿಗೆ, ಡ್ರೈವರ್‌ಗೇ ಹೇಳಿದರೆ ಆಯ್ತಲ್ಲ ಅಂತೆಲ್ಲ ಬಂತು. ಬಸ್ಸಿನ ವೇಳೆ ನಿರ್ಧರಿಸುವವರು ಯಾರು, ಡಿಪೋ ಅಂದರೇನು, ಅದರ ಮೇಲೆ ಯಾರಿದ್ದಾರೆ, ಶಾಸಕರ ಕೆಲಸ ಏನು, ಪಂಚಾಯಿತಿ ಕೆಲಸ ಏನು? ರಾಜ್ಯಶಾಸ್ತ್ರದ ಎಷ್ಟೋ ಪಾಠಗಳು ಆ ನಲವತ್ತು ನಿಮಿಷದಲ್ಲಿ ತಾನಾಗಿಯೇ ಬಂದವು. ಪರೀಕ್ಷೆಯ ಪ್ರಶ್ನೆಯಲ್ಲಿ ಇದೇ ಮುಖ್ಯವಾದ ಭಾಗವನ್ನು ನಾವೇ ಬರೆದುಕೊಟ್ಟುಬಿಡುತ್ತೇವೆ, ಗಮನಿಸಿ.

ಮುಂದೆ ಇನ್ನೂ ಕಷ್ಟ ಬಂತು. 'ತುಂಬಾ ತೊಂದರೆಯಾಗುತ್ತಿದೆ' ಅಂತ ಬರೆದಿದ್ದರು. ಎಷ್ಟು ಜನಕ್ಕೆ, ಯಾವ್ಯಾವ ಊರಿನವರಿಗೆ ಅಂತ ಕೇಳಿದೆ. ಹಾಜರಿ ಪುಸ್ತಕ ಹಿಡಿದು ಊರುವಾರು ಪಟ್ಟಿ ಮಾಡಿದರು. ಒಂದು ವಾರ ಬಸ್ಸು ಎಷ್ಟು ಹೊತ್ತಿಗೆ ಬಂತು ಅಂತ ಸ್ಟಾಪಿನಲ್ಲಿ ನಿಂತು ಬರೆದುಕೊಂಡರು. ಪತ್ರಕ್ಕೆ ಬಲ ಬಂದದ್ದು ಆಗ. ಹೆಡ್‌ಮಾಸ್ಟರ ಸಹಿ ಹಾಕಿಸಿ, ಇಬ್ಬರು ಮಕ್ಕಳು ಒಬ್ಬ ಪೋಷಕರ ಜೊತೆ ಹೋಗಿ ಕೊಟ್ಟು, ನಕಲಿನ ಮೇಲೆ ಸೀಲು ಹಾಕಿಸಿಕೊಂಡು ಬಂದರು. ಆ ಸೀಲನ್ನು ಇಡೀ ಕ್ಲಾಸು ಮುಟ್ಟಿ ಮುಟ್ಟಿ ನೋಡಿತು. ಸ್ವೀಕೃತಿ ಇಲ್ಲದೆ ಅರ್ಜಿ ಕೊಡಬಾರದು ಅನ್ನುವುದು ಅವರಿಗೆ ಇನ್ನು ಮರೆಯುವುದಿಲ್ಲ.

ಬಸ್ಸಿನ ವೇಳೆ ಬದಲಾಗಲಿಲ್ಲ. ಆ ಬಸ್ಸು ಮುಂದೆ ಇನ್ನೊಂದು ಊರಿಗೆ ಹೋಗಿ ತಿರುಗಿ ಬರಬೇಕು, ಹಾಗಾಗಿ ತಡ ಮಾಡಲಾಗದು ಅಂತ ಉತ್ತರ ಬಂತು. ಮಕ್ಕಳಿಗೆ ಬೇಜಾರಾಯಿತು. ಆದರೆ ಉತ್ತರ ಬಂದಿತ್ತಲ್ಲ. ಕಾರಣ ಕೊಟ್ಟಿದ್ದರು. ಆ ಕಾರಣ ಸರಿಯೇ, ಬೇರೆ ದಾರಿ ಇದೆಯೇ ಅಂತ ಅವರೇ ಕೂತು ಲೆಕ್ಕ ಹಾಕಿದರು. ಶಾಲೆಯನ್ನೇ ಸ್ವಲ್ಪ ಬೇಗ ಶುರು ಮಾಡಿ ಬೇಗ ಬಿಟ್ಟರೆ ಹೇಗೆ ಅಂತ ಶಾಲಾಭಿವೃದ್ಧಿ ಸಮಿತಿಗೆ (ಎಸ್‌ಡಿಎಂಸಿ) ಎರಡನೇ ಪತ್ರ ಬರೆದರು. ಬೇರೆಯವರಿಗೂ ಬೇರೆ ಕಷ್ಟ ಇರುತ್ತದೆ, ಕೇಳಿದ್ದೆಲ್ಲ ಸಿಗುವುದಿಲ್ಲ, ಆದರೂ ಕೇಳಬೇಕು ಅನ್ನುವುದನ್ನು ನಾನು ಬೋರ್ಡಿನ ಮೇಲೆ ಎಷ್ಟು ಬರೆದರೂ ಕಲಿಸಲು ಆಗುತ್ತಿರಲಿಲ್ಲ.

ಉತ್ತರ ಬರದೇ ಇದ್ದರೆ? ಅದಕ್ಕೂ ದಾರಿ ಇದೆ, ಅದೂ ಭಾಷಾ ಪಾಠವೇ. 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಅರ್ಜಿಗೆ 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ ಕೊಡಬೇಕು. ಕರ್ನಾಟಕದ ನಿಯಮದಲ್ಲಿ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯದ ಬಗ್ಗೆ ಇರಬೇಕು. ಏನು ಬೇಕು ಅನ್ನುವುದನ್ನು 150 ಪದದಲ್ಲಿ, ಯಾರೂ ತಪ್ಪಿಸಿಕೊಳ್ಳಲಾಗದ ಹಾಗೆ ಬರೆಯುವುದಕ್ಕಿಂತ ಒಳ್ಳೆಯ ಕನ್ನಡ ಅಭ್ಯಾಸ ನನಗೆ ಗೊತ್ತಿಲ್ಲ. ಆ ಕಾಯ್ದೆಯಲ್ಲಿ ವಯಸ್ಸಿನ ಮಿತಿಯೂ ಇಲ್ಲ, ನಾಗರಿಕ ಆಗಿದ್ದರೆ ಸಾಕು. 2012ರಲ್ಲಿ ಲಖನೌದ 10 ವರ್ಷದ ಹುಡುಗಿಯೊಬ್ಬಳು ಗಾಂಧೀಜಿಗೆ ರಾಷ್ಟ್ರಪಿತ ಅಂತ ಬಿರುದು ಕೊಟ್ಟ ಆದೇಶದ ಪ್ರತಿ ಕೊಡಿ ಅಂತ ಪ್ರಧಾನಿ ಕಚೇರಿಗೇ ಅರ್ಜಿ ಹಾಕಿದ್ದಳು. ಹುಡುಕಿ ನೋಡಿದರೆ ಅಂಥ ಆದೇಶವೇ ಇರಲಿಲ್ಲ. ನಮ್ಮ ಮಕ್ಕಳಿಗೆ ಈ ಕಥೆ ಹೇಳಿದರೆ ಕಣ್ಣರಳಿಸುತ್ತಾರೆ.

ಕನ್ನಡದ್ದು ನನಗೆ ಗೊತ್ತಿರುವ ಕಾರಣ ಇಷ್ಟುದ್ದ ಬರೆದೆ. ಬೇರೆ ವಿಷಯದವರಿಗೂ ದಾರಿ ಇದೆ. ಬಿಸಿಯೂಟವನ್ನೇ ತೆಗೆದುಕೊಳ್ಳಿ. ಹೈಸ್ಕೂಲ್ ಮಗುವಿಗೆ ದಿನಕ್ಕೆ 150 ಗ್ರಾಂ ಅಕ್ಕಿಯ ಲೆಕ್ಕ. ಇವತ್ತು ಹಾಜರಿ 180 ಇದ್ದರೆ 27 ಕೆಜಿ ಬೇಯಬೇಕು. ಇಷ್ಟು ಬೇಯಿತೇ, ತರಕಾರಿ ಎಷ್ಟು ಬಂತು, ಎಷ್ಟು ಅನ್ನ ಉಳಿದು ಚೆಲ್ಲಿತು, ಯಾವ ದಿನ ಜಾಸ್ತಿ ಚೆಲ್ಲುತ್ತದೆ ಅಂತ ಒಂದು ತಿಂಗಳು ಮಕ್ಕಳೇ ಬರೆದಿಟ್ಟರೆ ಸರಾಸರಿ, ಮಧ್ಯಾಂಕ, ಬಹುಲಕ ಎಲ್ಲವೂ ಅದರಲ್ಲೇ ಸಿಗುತ್ತವೆ. ಪುಸ್ತಕದಲ್ಲಿರುವ ಕ್ರಿಕೆಟ್ ರನ್ನಿನ ಪಟ್ಟಿಯೇ ಆಗಬೇಕು ಅಂತೇನಿಲ್ಲ. ಅಡುಗೆಯವರನ್ನು ಹಿಡಿದುಹಾಕಲು ಈ ಲೆಕ್ಕ ಬೇಡ. ಆ ಹೆಣ್ಣುಮಕ್ಕಳು ಕಡಿಮೆ ಸಂಬಳಕ್ಕೆ ಎಷ್ಟು ದುಡಿಯುತ್ತಾರೆ ಅನ್ನುವುದೂ ಅದೇ ಲೆಕ್ಕದಲ್ಲಿ ಮಕ್ಕಳಿಗೆ ಕಾಣುತ್ತದೆ.

ಶೇಕಡಾವಾರು ಕಲಿಸಲು ಪಂಚಾಯಿತಿ ಲೆಕ್ಕಪತ್ರ ಇದೆ. 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ 60ರಷ್ಟನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಿಡಬೇಕು ಅಂತ ಇತ್ತು. ನಮ್ಮ ಪಂಚಾಯಿತಿಗೆ ಎಷ್ಟು ಬಂತು, ಎಷ್ಟು ಯಾವುದಕ್ಕೆ ಹೋಯಿತು ಅನ್ನುವುದು ಇ-ಗ್ರಾಮಸ್ವರಾಜ್ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಗಣಿತದ ಮೇಷ್ಟ್ರು ಮನಸ್ಸು ಮಾಡಿದರೆ ಎರಡು ಪೀರಿಯಡ್ಡಿನ ಕೆಲಸ.

ವಿಜ್ಞಾನಕ್ಕೆ ನೀರು. ನಮ್ಮ ಜಿಲ್ಲೆಯ ಪಾವಗಡದ ಕಡೆಯವರಿಗೆ ಫ್ಲೋರೈಡ್ ಅಂದರೆ ಏನು ಅಂತ ಹೇಳಿಕೊಡಬೇಕಾಗಿಲ್ಲ. ಅಜ್ಜ ಅಜ್ಜಿಯ ಬಗ್ಗಿದ ಕಾಲು, ತಮ್ಮದೇ ಹಲ್ಲಿನ ಕಂದು ಗೆರೆ ನೋಡಿ ಬೆಳೆದವರು ಅವರು. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಒಪ್ಪಬಹುದು ಅಂತ ಮಾನದಂಡ ಇದೆ. ಜಲಜೀವನ್ ಮಿಷನ್ನಿನಲ್ಲಿ ಊರಿನ ಮಟ್ಟದಲ್ಲೇ ನೀರು ಪರೀಕ್ಷೆ ಮಾಡಲು ಕಿಟ್ ಕೊಡುತ್ತಾರೆ. ಅದನ್ನು ಒಂದು ದಿನ ಶಾಲೆಗೆ ತರಿಸಿ. ಮಕ್ಕಳು ಮನೆಮನೆಯಿಂದ, ಬೋರ್‌ವೆಲ್‌ನಿಂದ, ಶುದ್ಧ ನೀರಿನ ಘಟಕದಿಂದ ಬಾಟಲಿಯಲ್ಲಿ ನೀರು ತಂದು ನೋಡಲಿ. ಬಣ್ಣ ಬದಲಾದದ್ದನ್ನು ಕಣ್ಣಾರೆ ಕಂಡ ಮಗು ಆ ಘಟಕದ ಫಿಲ್ಟರ್ ಯಾವಾಗ ಬದಲಾಯಿಸಿದರು ಅಂತ ಕೇಳದೆ ಇರುವುದಿಲ್ಲ. ವಿಜ್ಞಾನದ ಪಾಠ ಮುಗಿದು ಕನ್ನಡದ ಪತ್ರ ಶುರುವಾಗುವುದು ಅಲ್ಲಿ.

ಇಂಗ್ಲಿಷ್, ಹಿಂದಿ, ದೈಹಿಕ ಶಿಕ್ಷಣ, ಎಲ್ಲದರಲ್ಲೂ ಒಂದೊಂದು ಸಿಗುತ್ತದೆ. ಪೀಟಿ ಮೇಷ್ಟ್ರು ಬೈಕಿನ ವಿಷಯ ತೆಗೆದುಕೊಳ್ಳಲಿ. ಒಂಬತ್ತು, ಹತ್ತನೇ ಕ್ಲಾಸಿನ ಹುಡುಗರು ಅಪ್ಪನ ಬೈಕ್ ತೆಗೆದುಕೊಂಡು ಶಾಲೆಗೆ ಬರುವುದು ಎಲ್ಲ ಊರಲ್ಲೂ ಇದೆ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ ಹಾಗೆ ಸಿಕ್ಕಿಬಿದ್ದರೆ ಅಪ್ಪನಿಗೆ ಅಥವಾ ಗಾಡಿ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು, ಗಾಡಿಯ ನೋಂದಣಿ ಒಂದು ವರ್ಷ ರದ್ದು. ಹುಡುಗರಿಗೆ ಇದು ಗೊತ್ತಿಲ್ಲ, ಅಪ್ಪಂದಿರಿಗೂ ಗೊತ್ತಿಲ್ಲ. ವಾಟ್ಸ್ಆ್ಯಪಿನಲ್ಲಿ ಬಂದ ಒಂದು ಸುದ್ದಿಯನ್ನು ಫಾರ್ವರ್ಡ್ ಮಾಡುವ ಮೊದಲು ಯಾರು ಹೇಳಿದ್ದು, ಯಾವಾಗ, ಆ ಫೋಟೊ ಎಲ್ಲಿಯದು ಅಂತ ಹುಡುಕುವುದನ್ನು ಭಾಷೆಯವರೂ ಕಲಿಸಬಹುದು, ಕಂಪ್ಯೂಟರ್ ಇರುವ ಶಾಲೆಯಲ್ಲಿ ಕಂಪ್ಯೂಟರ್ ಕಲಿಸುವವರೂ ಕಲಿಸಬಹುದು. ಗೆಳತಿಗೆ ಮದುವೆ ಮಾಡುತ್ತಿದ್ದಾರೆ ಅಂತ ಗೊತ್ತಾದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಬಹುದು ಅನ್ನುವುದು ಪ್ರತಿ ಹೆಣ್ಣುಮಗುವಿಗೂ, ಗಂಡುಮಗುವಿಗೂ ಗೊತ್ತಿರಲೇಬೇಕು. ಇದಕ್ಕೆ ಯಾವ ವಿಷಯದ ಪೀರಿಯಡ್ಡಾದರೂ ಸರಿ.

ಇಲ್ಲಿ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಎಲ್ಲ ವಿಷಯದಲ್ಲೂ ಸೇರಿಸಿ ಅಂತ ಸುಮ್ನೆ ಹೇಳಿ ಬಿಟ್ಟರೆ ಯಾವ ವಿಷಯದಲ್ಲೂ ಇರುವುದಿಲ್ಲ. ಇಂಗ್ಲೆಂಡಿನಲ್ಲಿ 1998ರಲ್ಲಿ ಬರ್ನಾರ್ಡ್ ಕ್ರಿಕ್ ಸಮಿತಿ ವರದಿ ಕೊಟ್ಟು, 2002ರಿಂದ 11ರಿಂದ 16 ವರ್ಷದ ಮಕ್ಕಳಿಗೆ ನಾಗರಿಕತ್ವದ ಪಾಠವನ್ನು ಕಡ್ಡಾಯ ಮಾಡಿದರು. ಬೇರೆ ಬೇರೆ ವಿಷಯದೊಳಗೆ ಸೇರಿಸಿಯೂ ಕಲಿಸಬಹುದು ಅಂತ ಶಾಲೆಗಳಿಗೆ ಬಿಟ್ಟರು. ಎಷ್ಟೋ ಶಾಲೆಗಳಲ್ಲಿ ಅದು ಹೆಸರಿಗೆ ಮಾತ್ರ ಉಳಿಯಿತು, ಕಲಿಸುವವರಿಗೇ ತರಬೇತಿ ಇರಲಿಲ್ಲ ಅಂತ ಅಲ್ಲಿನ ಶಾಲಾ ತಪಾಸಣೆಯವರೇ ಮುಂದೆ ಬರೆದರು. ನಮ್ಮಲ್ಲೂ ಹಾಗೆ ಆಗಬಾರದು. ಪ್ರತಿ ಶಾಲೆಯಲ್ಲಿ ಒಬ್ಬ ಶಿಕ್ಷಕರನ್ನು ಇದಕ್ಕೆ ಗೊತ್ತು ಮಾಡಬೇಕು. ಗಣಿತದವರು ಏನು ಮಾಡಿಸಿದರು, ವಿಜ್ಞಾನದವರು ಏನು ಮಾಡಿಸಿದರು ಅಂತ ಕೇಳಿ ಜೋಡಿಸುವುದು ಅವರ ಕೆಲಸ. ವಾರಕ್ಕೆ ಒಂದು ಪೀರಿಯಡ್ಡು, ಶನಿವಾರದ್ದಾದರೂ ಸರಿ, ಈ ಕೆಲಸಗಳ ಬಗ್ಗೆ ಕೂತು ಮಾತಾಡಲು ಇರಲಿ.

ನನ್ನ ಸಹೋದ್ಯೋಗಿಗಳು ಇದನ್ನು ಓದಿ ಸಿಟ್ಟಾಗುತ್ತಾರೆ, ಗೊತ್ತು. ಮತದಾರರ ಪಟ್ಟಿಯ ಬಿಎಲ್‌ಒ ಕೆಲಸ, ಸಮೀಕ್ಷೆ, ಬಿಸಿಯೂಟದ ವರದಿ, ಮಕ್ಕಳ ಮಾಹಿತಿಯ ಎಸ್‌ಎಟಿಎಸ್ ಎಂಟ್ರಿ, ಮೊಟ್ಟೆ ಬಾಳೆಹಣ್ಣಿನ ಲೆಕ್ಕ, ಇವೆಲ್ಲ ಮುಗಿಸಿ ಪಾಠ ಮಾಡುವಷ್ಟರಲ್ಲಿ ಸಾಕಾಗಿರುತ್ತದೆ. ಇದರ ಮೇಲೆ ಇನ್ನೊಂದು ಹೊರೆ ಯಾಕೆ ಅನ್ನುವುದು ನ್ಯಾಯವಾದ ಪ್ರಶ್ನೆ. ಅದಕ್ಕೇ ಹೊಸದು ಬೇಡ ಅನ್ನುತ್ತಿರುವುದು. ವರ್ಷಕ್ಕೆ ನಾಲ್ಕು ಎಫ್‌ಎ, ಅಂದರೆ ಶಾಲೆಯಲ್ಲೇ ಅಂಕ ಕೊಡುವ ರೂಪಣಾತ್ಮಕ ಮೌಲ್ಯಮಾಪನ, ಹೇಗೂ ಮಾಡುತ್ತೇವೆ. ಹತ್ತನೇ ಕ್ಲಾಸಿನಲ್ಲಿ ಪ್ರತಿ ವಿಷಯಕ್ಕೆ 20 ಅಂಕ, ಪ್ರಥಮ ಭಾಷೆಗೆ 25 ಅಂಕ ಶಾಲೆಯ ಕೈಯಲ್ಲೇ ಇದೆ. ಆ ಎಫ್‌ಎ ಚಟುವಟಿಕೆ ಅಂತ ಈಗ ನಡೆಯುತ್ತಿರುವುದೇನು? ಮಕ್ಕಳು ಸೈಬರ್ ಸೆಂಟರ್‌ಗೆ ಹೋಗಿ ಚಿತ್ರ ಪ್ರಿಂಟ್ ಹಾಕಿಸಿ, ಬಣ್ಣದ ಹಾಳೆಗೆ ಅಂಟಿಸಿ ತರುತ್ತಾರೆ. ದುಡ್ಡು ಖರ್ಚಾಗುತ್ತದೆ, ಕಲಿಕೆ ಆಗುವುದಿಲ್ಲ, ಎಲ್ಲರಿಗೂ ಒಂದೇ ಅಂಕ ಬರುತ್ತದೆ. ಅದರಲ್ಲಿ ಒಂದನ್ನು ತೆಗೆದು ಈ ಕೆಲಸ ಇಡಿ. ನಮಗೂ ತಿದ್ದಲು ಖುಷಿಯಾಗುತ್ತದೆ.

ಶಾಲೆಗೆ ರಾಜಕೀಯ ಬರುತ್ತದೆ ಅನ್ನುವ ಭಯ ಇನ್ನೊಂದು. ಈ ಭಯ ಸುಳ್ಳಲ್ಲ. ಮಕ್ಕಳು ಚರಂಡಿ ಬಗ್ಗೆ ಬರೆದರೆ ಆ ವಾರ್ಡಿನ ಸದಸ್ಯರಿಗೆ ಮುಜುಗರ ಆಗುತ್ತದೆ, ಯಾರು ಹೇಳಿಕೊಟ್ಟಿದ್ದು ಅಂತ ಶಾಲೆಗೆ ಫೋನ್ ಬರುತ್ತದೆ. ಶಿಕ್ಷಕರಿಗೆ ಇದರಿಂದ ರಕ್ಷಣೆ ಬೇಕು. ಇಲಾಖೆಯ ಸುತ್ತೋಲೆಯಲ್ಲೇ ಇದು ಪಾಠದ ಭಾಗ ಅಂತ ಬರೆದಿದ್ದರೆ ಹೆಡ್‌ಮಾಸ್ಟರಿಗೆ ಧೈರ್ಯ ಬರುತ್ತದೆ. ನಾವೂ ಕೆಲವು ನಿಯಮ ಇಟ್ಟುಕೊಳ್ಳಬೇಕು. ಪಕ್ಷದ ಹೆಸರು ಬರಬಾರದು. ಯಾರನ್ನು ಕುರಿತು ಬರೆಯುತ್ತೇವೋ ಅವರ ಮಾತನ್ನೂ ಕ್ಲಾಸಿಗೆ ತರಬೇಕು, ಸಾಧ್ಯವಾದರೆ ಅವರನ್ನೇ ಕರೆಸಬೇಕು. ಶಿಕ್ಷಕರು ತಮ್ಮ ಅಭಿಪ್ರಾಯವನ್ನು ಮಕ್ಕಳ ತಲೆಗೆ ಹಾಕಬಾರದು. ಒಪ್ಪದ ಮಗುವಿಗೆ ಒಪ್ಪದೇ ಇರುವ ಹಕ್ಕು ಇರಬೇಕು, ಅಂಕ ಕಡಿಮೆಯಾಗಬಾರದು.

ಇದೆಲ್ಲಕ್ಕಿಂತ ಮುಖ್ಯವಾದದ್ದು ಶಾಲೆಯೇ ಹೇಗಿದೆ ಅನ್ನುವುದು. 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿದೆ ಅಂತ ಒಂದು ಅಂಕಕ್ಕೆ ಬರೆಯುವ ಶಾಲೆಯಲ್ಲೇ ಯಾವ ಮಕ್ಕಳ ಕೈಗೆ ಪೊರಕೆ ಹೋಗುತ್ತದೆ ಅಂತ ನೋಡಿ. 2023ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆ ಮಾಲೂರು ತಾಲೂಕಿನ ಒಂದು ವಸತಿ ಶಾಲೆಯಲ್ಲಿ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ ಸುದ್ದಿ ನಾವೆಲ್ಲ ಓದಿದೆವು. ಆ ಮಕ್ಕಳೂ ಪೀಠಿಕೆ ಓದಿದವರೇ. ದಲಿತ ಮಹಿಳೆ ಅಡುಗೆ ಮಾಡಿದರು ಅಂತ ಬಿಸಿಯೂಟ ಬಿಟ್ಟ ಸುದ್ದಿಗಳು ಬೇರೆ ಬೇರೆ ಜಿಲ್ಲೆಗಳಿಂದ ಬರುತ್ತಲೇ ಇವೆ. ಪಂಕ್ತಿಯಲ್ಲಿ ಯಾರು ಯಾರ ಪಕ್ಕ ಕೂರುತ್ತಾರೆ ಅನ್ನುವುದೇ ಸಮಾನತೆಯ ಪಾಠ. ಪರೀಕ್ಷೆಯ ವಿಷಯವೂ ಅಷ್ಟೇ. 2024ರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ (ಕ್ಯಾಮೆರಾದಲ್ಲಿ ನೇರ ನಿಗಾ) ಹಾಕಿದ ಮೇಲೆ ಹಿಂದಿನ ವರ್ಷ ಶೇ 83.89 ಇದ್ದ ಫಲಿತಾಂಶ 73.40ಕ್ಕೆ ಇಳಿಯಿತು, ಅದೂ ಗ್ರೇಸ್ ಅಂಕ ಕೊಟ್ಟ ಮೇಲೆ. ದೊಡ್ಡವರು ಗೋಡೆಯಾಚೆಯಿಂದ ಚೀಟಿ ಎಸೆಯುವುದನ್ನು ನೋಡಿದ ಮಗುವಿಗೆ ಪ್ರಾಮಾಣಿಕತೆಯ ಪದ್ಯ ಕಲಿಸಿ ಏನು ಮಾಡುವುದು?

ಶಾಲಾ ಸಂಸತ್ತು ಅಂತ ಜೂನ್ ಜುಲೈನಲ್ಲಿ ಚುನಾವಣೆ ಮಾಡಿಸುತ್ತೇವೆ. ಮೊಬೈಲಿನಲ್ಲಿ ಮತಯಂತ್ರದ ಆ್ಯಪ್, ಬೆರಳಿಗೆ ಶಾಯಿ, ಪ್ರಮಾಣವಚನ, ಎಲ್ಲ ಚೆನ್ನಾಗಿರುತ್ತದೆ. ಮಕ್ಕಳು ಎಷ್ಟು ಸಂಭ್ರಮಪಡುತ್ತಾರೆ! ಆಮೇಲೆ ಆ ಮಂತ್ರಿಗಳಿಗೆ ಕೆಲಸವೇ ಇರುವುದಿಲ್ಲ, ಪ್ರಾರ್ಥನೆಯಲ್ಲಿ ಸಾಲು ನಿಲ್ಲಿಸುವುದು ಬಿಟ್ಟರೆ. ಒಂದು ಸಣ್ಣ ಅಧಿಕಾರ ಕೊಟ್ಟು ನೋಡಿ. ಈ ವರ್ಷ ಗ್ರಂಥಾಲಯಕ್ಕೆ ಯಾವ ಪುಸ್ತಕ, ಆಟಕ್ಕೆ ಯಾವ ಸಾಮಾನು ಅಂತ ಅವರೇ ಚರ್ಚೆ ಮಾಡಿ ನಿರ್ಧರಿಸಲಿ, ಬಿಲ್ಲನ್ನು ಬೋರ್ಡಿಗೆ ಹಾಕಲಿ. ವಾಲಿಬಾಲ್ ಬೇಕು ಅನ್ನುವ ಗಂಡುಮಕ್ಕಳೂ, ಥ್ರೋಬಾಲ್ ಬೇಕು ಅನ್ನುವ ಹೆಣ್ಣುಮಕ್ಕಳೂ ಇರುವ ದುಡ್ಡಿನಲ್ಲಿ ಹೊಂದಿಸಿಕೊಳ್ಳುವುದನ್ನು ಕಲಿಯುತ್ತಾರೆ.

ದೊಡ್ಡವರ ಚುನಾವಣೆಯ ಬಗ್ಗೆ ಒಂದು ಮಾತು, ಇದನ್ನು ಬರೆಯದೆ ಇರಲಾರೆ. ಮೂರು ಹಂತದ ಪಂಚಾಯತ್ ವ್ಯವಸ್ಥೆ ಅಂತ ಪಾಠ ಮಾಡುತ್ತೇವೆ, ಐದು ವರ್ಷಕ್ಕೊಮ್ಮೆ ಚುನಾವಣೆ ಅಂತ ಬರೆಸುತ್ತೇವೆ. ನಮ್ಮ ರಾಜ್ಯದ ಜಿಲ್ಲಾ ಪಂಚಾಯಿತಿ, ತಾಲೂಕು ಪಂಚಾಯಿತಿಗಳ ಅವಧಿ 2021ರಲ್ಲೇ ಮುಗಿಯಿತು, ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಬೆಂಗಳೂರಿನ ಪಾಲಿಕೆಯ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದು ಅಲ್ಲೂ ಅದೇ ಕಥೆ. "ನಮ್ಮ ತಾಲೂಕು ಪಂಚಾಯಿತಿ ಸದಸ್ಯರು ಯಾರು ಸರ್?" ಅಂತ ಮಗು ಕೇಳಿದರೆ ಸಮಾಜದ ಮೇಷ್ಟ್ರು ಏನು ಹೇಳಬೇಕು? ನಮ್ಮ ಮೇಷ್ಟ್ರು ನಿಜವನ್ನೇ ಹೇಳಿದರು. ಮಕ್ಕಳು ಹಾಗಾದರೆ ಯಾರು ನಡೆಸುತ್ತಿದ್ದಾರೆ ಅಂತ ಮತ್ತೆ ಕೇಳಿದರು. ಪುಸ್ತಕದ ಪಾಠಕ್ಕಿಂತ ಆ ದಿನದ ಚರ್ಚೆ ದೊಡ್ಡದಾಗಿತ್ತು.

ಮಕ್ಕಳ ಗ್ರಾಮಸಭೆ ಅನ್ನುವ ಒಳ್ಳೆಯ ವ್ಯವಸ್ಥೆ ನಮ್ಮ ರಾಜ್ಯದಲ್ಲಿದೆ, ಇದರ ಬಗ್ಗೆ ನನಗೆ ಹೆಮ್ಮೆ ಇದೆ. ವರ್ಷಕ್ಕೊಮ್ಮೆ ಪಂಚಾಯಿತಿಯವರು ಮಕ್ಕಳ ಮಾತು ಕೇಳಲೇಬೇಕು. ಮಕ್ಕಳು ಅಲ್ಲಿ ಎಷ್ಟು ಚೆನ್ನಾಗಿ ಮಾತಾಡುತ್ತಾರೆ ಗೊತ್ತಾ! ಶೌಚಾಲಯಕ್ಕೆ ಬಾಗಿಲಿಲ್ಲ, ಶಾಲೆ ಹಿಂದೆ ಸಾರಾಯಿ ಪ್ಯಾಕೆಟ್ ಬಿದ್ದಿರುತ್ತದೆ, ಕಾಂಪೌಂಡ್ ಇಲ್ಲದೆ ಹಸು ನುಗ್ಗುತ್ತದೆ ಅಂತ ಎದೆಗಾರಿಕೆಯಿಂದ ಹೇಳುತ್ತಾರೆ. ಬ್ಯಾನರ್, ಫೋಟೊ, ಬಿಸ್ಕತ್ತು, ಟೀ ಆಗಿ ಎಷ್ಟೋ ಕಡೆ ಅಲ್ಲಿಗೇ ಮುಗಿಯುತ್ತದೆ. ಮುಂದಿನ ವರ್ಷ ಅದೇ ಬಾಗಿಲು, ಅದೇ ಕಾಂಪೌಂಡು, ಬೇರೆ ಮಗು. ಹಿಂದಿನ ವರ್ಷ ಮಕ್ಕಳು ಏನೇನು ಕೇಳಿದ್ದರು, ಯಾವುದು ಆಯಿತು, ಯಾವುದು ಯಾಕೆ ಆಗಲಿಲ್ಲ ಅನ್ನುವ ಹಾಳೆಯನ್ನು ಓದದೆ ಸಭೆ ಶುರು ಮಾಡಬಾರದು. ಆ ಹಾಳೆಯನ್ನು ಮಕ್ಕಳೇ ಇಟ್ಟುಕೊಳ್ಳಲಿ. ಒಂಬತ್ತನೇ ಕ್ಲಾಸಿನವರು ಬರೆದದ್ದನ್ನು ಹತ್ತನೇ ಕ್ಲಾಸಿಗೆ ಹೋದಾಗ ಅವರೇ ಎದ್ದು ನಿಂತು ಕೇಳಲಿ.

ಪಟ್ಟಣದ ಖಾಸಗಿ ಶಾಲೆಗಳ ಪೋಷಕರಿಗೂ ಇದು ಅನ್ವಯಿಸುತ್ತದೆ. ನಿಮ್ಮ ಮಕ್ಕಳು ಅಪಾರ್ಟ್‌ಮೆಂಟಿನಿಂದ ಶಾಲಾ ಬಸ್ಸಿಗೆ, ಬಸ್ಸಿನಿಂದ ಟ್ಯೂಷನ್ನಿಗೆ ಹೋಗುತ್ತಾರೆ. ಮನೆಯ ಹಸಿ ಕಸ ಒಣ ಕಸ ಯಾರು ಒಯ್ಯುತ್ತಾರೆ, ಎಲ್ಲಿ ಸುರಿಯುತ್ತಾರೆ, ಆ ಜಾಗದ ಪಕ್ಕದ ಹಳ್ಳಿಯವರು ಏನು ಉಸಿರಾಡುತ್ತಾರೆ ಅನ್ನುವುದನ್ನು ಒಂದು ದಿನ ಕರೆದುಕೊಂಡು ಹೋಗಿ ತೋರಿಸಿ. ಈ ಮಕ್ಕಳೇ ನಾಳೆ ದೊಡ್ಡ ಹುದ್ದೆಯಲ್ಲಿ ಕೂತು ನಮ್ಮ ಹಳ್ಳಿ ಮಕ್ಕಳ ಅರ್ಜಿಗೆ ಸಹಿ ಹಾಕುವವರು.

ಶಿಕ್ಷಣ ಇಲಾಖೆಗೆ, ಪಠ್ಯಕ್ರಮ ಮತ್ತು ಶಿಕ್ಷಕರ ತರಬೇತಿ ನೋಡಿಕೊಳ್ಳುವ ಡಿಎಸ್‌ಇಆರ್‌ಟಿಗೆ, ಪರೀಕ್ಷಾ ಮಂಡಳಿಗೆ ನಿಮ್ಮ ಪತ್ರಿಕೆಯ ಮೂಲಕ ಕೇಳುವುದು ಇಷ್ಟು. ಮುಂದಿನ ಜೂನ್‌ಗೆ ಶಾಲೆ ಶುರುವಾಗುವ ಮೊದಲು ಸುತ್ತೋಲೆ ಬರಲಿ. ಎಂಟು ಮತ್ತು ಒಂಬತ್ತನೇ ತರಗತಿಯಿಂದ ಆರಂಭಿಸಿ, ಹತ್ತನೆಯವರಿಗೆ ಪರೀಕ್ಷೆಯ ಒತ್ತಡ ಇದೆ, ಅವರದ್ದು ಆಮೇಲೆ ನೋಡೋಣ. ಪ್ರತಿ ವಿಷಯದಲ್ಲೂ ಎಫ್‌ಎ-2 ಅಥವಾ ಎಫ್‌ಎ-3ರ ಒಂದು ಚಟುವಟಿಕೆ ಊರಿನ ನಿಜವಾದ ವಿಷಯದ ಮೇಲೆ ಇರಲಿ. ಮಕ್ಕಳು ಬರೆದ ಪತ್ರಕ್ಕೆ ಉತ್ತರ ಕೊಡಬೇಕು ಅಂತ ಪಂಚಾಯತ್ ರಾಜ್ ಇಲಾಖೆಯಿಂದ ಪಿಡಿಒಗಳಿಗೂ ಒಂದು ಸೂಚನೆ ಹೋಗಲಿ. ಪಂಚಾಯಿತಿಗೆ ಹೋಗಿಬರುವ ದಿನ ಮಕ್ಕಳ ಜೊತೆ ಹೋದ ಶಿಕ್ಷಕರನ್ನು ಗೈರುಹಾಜರಿ ಅಂತ ಯಾರೂ ಬರೆಯದಿರಲಿ. ಕನ್ನಡ ಪ್ರಶ್ನೆಪತ್ರಿಕೆ ತೆಗೆಯುವವರು ಪತ್ರಲೇಖನದಲ್ಲಿ 'ಭಾವಿಸಿಕೊಂಡು' ಅನ್ನುವುದನ್ನು ತೆಗೆದು, 'ನಿಮ್ಮ ಊರಿನ ಒಂದು ತೊಂದರೆಯ ಬಗ್ಗೆ, ಅದಕ್ಕೆ ಹೊಣೆಯಾದ ಅಧಿಕಾರಿ ಯಾರೆಂದು ನೀವೇ ಗುರುತಿಸಿ ಪತ್ರ ಬರೆಯಿರಿ' ಅಂತ ಕೇಳಲಿ. ಅಂಕ ಎಷ್ಟೇ ಇರಲಿ, ಅದರಲ್ಲಿ ಒಂದನ್ನು ಸರಿಯಾದವರಿಗೆ ಬರೆದದ್ದಕ್ಕೆ ಕೊಡಲಿ. ಮೌಲ್ಯಮಾಪನಕ್ಕೆ ಮಾದರಿ ಉತ್ತರ ಹೇಗೆ ಕೊಡುವುದು ಅಂತ ಮಂಡಳಿಯವರಿಗೆ ಚಿಂತೆಯಾದರೆ, ಕನ್ನಡ ಶಿಕ್ಷಕರ ಒಂದು ಸಭೆ ಕರೆಯಲಿ, ನಾನು ನನ್ನ ಖರ್ಚಿನಲ್ಲೇ ಬರುತ್ತೇನೆ.

ಇಂತಿ,
ಸರ್ಕಾರಿ ಪ್ರೌಢಶಾಲೆಯ ಕನ್ನಡ ಶಿಕ್ಷಕಿ
ತುಮಕೂರು ಜಿಲ್ಲೆ